ಕುಳ್ಳನ ಕೈ

ಜೋಡಿ ಗಾಜಿನ ಕಿಟಕಿಯ ಗುಣಗಾನ ಮಾಡುವುದರಲ್ಲಿ ಮೇಸ್ತ್ರಿಯನ್ನು ಮೀರಿಸುವವರು ಆ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಗಿರಾಕಿ ಬಂದು ಬಾಗಿಲಲ್ಲಿ ನಿಂತರೆ ಸಾಕು, ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಶುರು ಹಚ್ಚಿಕೊಳ್ಳುತ್ತಿದ್ದ.

"ನೋಡಿ ಸ್ವಾಮಿ, ಒಂಟಿ ಗಾಜು ಅಂದ್ರೆ ಬನಿಯನ್ ಹಾಕ್ಕೊಂಡು ಚಳೀಲಿ ನಿಂತ ಹಾಗೆ. ಜೋಡಿ ಗಾಜು ಅಂದ್ರೆ ಮೇಲೊಂದು ಕೋಟು. ಎರಡು ಗಾಜಿನ ಮಧ್ಯೆ ಒಣಗಾಳಿ ಇರುತ್ತೆ. ಹೊರಗಿನ ಚಳಿ ಒಳಗೆ ಬರೋಲ್ಲ, ಒಳಗಿನ ಬಿಸಿ ಹೊರಗೆ ಹೋಗೋಲ್ಲ. ಬೀದಿ ಗಲಾಟೆ ಬೀದೀಲೇ ಇರುತ್ತೆ. ನಿಮ್ಮನೆ ಜಗಳಾನೂ ಪಕ್ಕದ ಮನೆಗೆ ಕೇಳೋಲ್ಲ."

ಬಂದವರು ಗಂಡ ಹೆಂಡತಿಯಾಗಿದ್ದರೆ ಈ ಕೊನೆಯ ಮಾತಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಅಲ್ಲಿಗೆ ವ್ಯಾಪಾರ ಕುದುರಿದ ಹಾಗೆಯೇ. ಆದರೆ ಮೇಸ್ತ್ರಿ ಮೋಸಗಾರನಲ್ಲ. ಕೊನೆಯಲ್ಲಿ ದನಿ ತಗ್ಗಿಸಿ, ಹೇಳಬೇಕಾದದ್ದನ್ನೂ ಹೇಳಿಬಿಡುತ್ತಿದ್ದ. ಒಂದು ಸಲ ಅಂಟು ಹಾಕಿ ಮುಚ್ಚಿದ ಮೇಲೆ ಎರಡು ಗಾಜಿನ ನಡುವೆ ಬ್ರಹ್ಮ ಬಂದರೂ ಕೈ ಹಾಕಲಾಗದು. ಒಳಗೆ ಕಲೆ ಉಳಿದರೆ ಉಳಿಯಿತು. ಇನ್ನು ಎಷ್ಟೋ ವರ್ಷದ ಮೇಲೆ ಅಂಚಿನ ಅಂಟು ಸೋತು, ಒಳಗೆ ತೇವ ಸೇರಿ ಗಾಜು ಮಬ್ಬಾದರೆ ಅದಕ್ಕೆ ರಿಪೇರಿ ಅಂತ ಇಲ್ಲ. ಎತ್ತಿ ಬಿಸಾಕಿ ಹೊಸದು ಹಾಕಿಸುವುದೇ.

ಊರಿಗೆಲ್ಲ ಹೇಳಿದ ಈ ಎರಡು ದೋಷಗಳೂ ಅವನ ಮನೆಯ ಮುಂದಿನ ಕೋಣೆಯ ಕಿಟಕಿಯಲ್ಲೇ ಬಂದು ಕೂತಿದ್ದವು. ಒಂದು ಮೊದಲ ದಿನದಿಂದ, ಇನ್ನೊಂದು ಈಚೆಗೆ.

ಮೊದಲನೆಯದಕ್ಕೆ ಕಾರಣ ಅವನ ಹೆಂಡತಿ. ಅವಳೂ ಅದೇ ಕಾರ್ಖಾನೆಯಲ್ಲಿ ಗಾಜು ತೊಳೆಯುವ ಮೇಜಿನಲ್ಲಿ ಕೆಲಸಕ್ಕಿದ್ದಳು. ಆಗ ತೊಳೆಯುವ ಮಷೀನು ಬಂದಿರಲಿಲ್ಲ, ಎಲ್ಲ ಕೈಕೆಲಸವೇ. ಸೋಪಿನ ನೀರಿನಲ್ಲಿ ಗಾಜು ತೊಳೆದು, ಮೇಲಿನಿಂದ ಕೆಳಕ್ಕೆ ಒರೆಸಿ, ಮೇಲೆ 'ಹಾ' ಎಂದು ಉಸಿರು ಬಿಟ್ಟು, ಕತ್ತು ಓರೆ ಮಾಡಿ ನೋಡುವಳು. ಉಸಿರಿನ ಹಬೆ ಒಂದೇ ಸಮನೆ ಕೂತರೆ ಗಾಜು ಚೊಕ್ಕ. ಎಲ್ಲಾದರೂ ಬಿಟ್ಟುಬಿಟ್ಟು ಕೂತರೆ ಜಿಡ್ಡು ಉಳಿದಿದೆ ಎಂದರ್ಥ. ತನ್ನ ಕೈಯಿಂದ ಹೋದ ಗಾಜು ಒಂದೂ ತಿರುಗಿ ಬಂದಿಲ್ಲ ಎಂದು ಅವಳಿಗೆ ಬೆಟ್ಟದಷ್ಟು ಹೆಮ್ಮೆ. ಆ ಹೆಮ್ಮೆಗೆ ಅವಳ ಕೈಗಳು ತೆರಿಗೆ ಕಟ್ಟುತ್ತಿದ್ದವು. ಕೈಗವಸು ಹಾಕಿಕೊಂಡರೂ ಸೋಪಿನ ನೀರು ನುಗ್ಗಿ ಅಂಗೈ ಒಡೆಯುತ್ತಿತ್ತು. ಸಂಜೆ ಕೆಲಸ ಮುಗಿದ ಕೂಡಲೇ ಕೈಗವಸು ಕಿತ್ತೆಸೆದು, ಮಣಿಕಟ್ಟಿನವರೆಗೆ ಎಣ್ಣೆ ಹಚ್ಚಿ ತಿಕ್ಕಿಕೊಳ್ಳುವುದು ಅವಳ ಪರಿಪಾಠ.

ಮದುವೆಯಾದ ಹೊಸದರಿಂದಲೂ ಅವರ ಮನೆ ಬಸ್ಸು ತಿರುಗುವ ಮೂಲೆಯ ಮೇಲಿನ ಮಹಡಿಯಲ್ಲಿತ್ತು. ಬಸ್ಸು ತಿರುಗಿದಾಗಲೆಲ್ಲ ಆಗಿದ್ದ ಒಂಟಿ ಗಾಜಿನ ಕಿಟಕಿ ಹಲ್ಲು ಕಡಿಯುತ್ತಿತ್ತು. ಯಜಮಾನನನ್ನು ಕೇಳಿ, ಉಳಿದ ಗಾಜಿನಲ್ಲಿ ತಮಗೂ ಒಂದು ಜೋಡಿ ಕಿಟಕಿ ಮಾಡಿಕೊಳ್ಳಲು ಗಂಡ ಹೆಂಡತಿ ಒಂದು ಸಂಜೆ ಕಾರ್ಖಾನೆಯಲ್ಲೇ ಉಳಿದರು. ಅವಳು ಎರಡೂ ಗಾಜು ತೊಳೆದುಕೊಟ್ಟಳು. ಅವನು ಒಂದನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಅಲ್ಯೂಮಿನಿಯಂ ಪಟ್ಟಿ ಅಂಟಿಸಿ, ಎರಡನೆಯದನ್ನು ತರಲು ತಿರುಗಿದ. ತಿರುಗುವಾಗ ಅವನು ಏನೋ ಒಂದು ಮಾತು ಹೇಳಿದ. ಅವಳ ಕೆಲಸ ಮುಗಿದಿತ್ತು, ಪಕ್ಕದಲ್ಲಿ ನಿಂತು ಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಅವನ ಮಾತಿಗೆ ಅವಳಿಗೆ ಎಂಥ ನಗು ಬಂತೆಂದರೆ, ಹೊಟ್ಟೆ ಹಿಡಿದುಕೊಂಡು ಬಾಗಿ, ಜೋಲಿ ತಪ್ಪಿ, ಆಸರೆಗೆಂದು ಕೈ ಚಾಚಿದಳು. ಚಾಚಿದ ಕೈ ಗಾಜಿನ ಮೇಲೆ ಬಿತ್ತು. ಅವನು ಬೆನ್ನು ತಿರುಗಿಸಿದ್ದ. ನಗುವಿನಲ್ಲಿ ಅವಳಿಗೂ ಪರಿವೆ ಇರಲಿಲ್ಲ. ಬಲ್ಬಿನ ಮಂಕು ಬೆಳಕಿನಲ್ಲಿ ಎರಡನೆಯ ಗಾಜು ಬಂದು ಪಟ್ಟಿಗೆ ಕೂತಿತು, ಸುತ್ತ ಕಪ್ಪು ಅಂಟು ಬಿತ್ತು, ಕಿಟಕಿ ಮುಚ್ಚಿಹೋಯಿತು.

ಕಲೆ ಕಂಡದ್ದು ಮಾರನೆಯ ದಿನ ಮನೆಯಲ್ಲಿ, ಚೌಕಟ್ಟಿಗೆ ಕೂರಿಸಿ ಬಿಸಿಲು ಬಿದ್ದ ಮೇಲೆ.

"ಯಾವ ಕತ್ತೆ ಕೈ ಇಟ್ಟಿದೆ ಇಲ್ಲಿ!" ಎಂದು ಮೇಸ್ತ್ರಿ ಕಿರುಚಿದ. ಒಳಗಿನಿಂದ ಅವನ ತಾಯಿ ಕನ್ನಡಕ ಏರಿಸಿಕೊಂಡು ಬಂದಳು. ಆ ಮುದುಕಿಯ ನಾಲಿಗೆಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಸೊಸೆ ಲೋಟ ಇಟ್ಟ ಸದ್ದಿನಲ್ಲೂ ತಪ್ಪು ಹುಡುಕಿ ವಾರಗಟ್ಟಲೆ ಅದನ್ನೇ ಜಗಿಯುತ್ತಿದ್ದವಳು. ತಾಯಿಯ ಹಿಂದೆ ಹೆಂಡತಿ ನಿಂತಿದ್ದಳು. ತುಟಿ ಕಚ್ಚಿಕೊಂಡಿದ್ದಳು. ಬಲಗೈ ಬೆನ್ನ ಹಿಂದೆ ಹೋಗಿತ್ತು. ಮೇಸ್ತ್ರಿಗೆ ಕತ್ತೆ ಯಾರೆಂದು ಆ ಕ್ಷಣದಲ್ಲೇ ತಿಳಿಯಿತು.

"ಯಾರದೋ ಅದು ಕೈ?" ಎಂದಳು ತಾಯಿ.

"ಆ ಕುಳ್ಳ ಇದ್ನಲ್ಲಮ್ಮ, ಮೊನ್ನೆ ಕೆಲಸ ಬಿಟ್ಟು ಬೇರೆ ಊರಿಗೆ ಹೋದ್ನಲ್ಲ, ಅವನು. ಹೋಗೋ ಮುಂಚೆ ಅವನ ಕೈಯಲ್ಲಿ ಗಾಜು ತೊಳೆಸಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ."

ಕುಳ್ಳ ನಿಜವಾಗಿಯೂ ಇದ್ದ, ನಿಜವಾಗಿಯೂ ಕೆಲಸ ಬಿಟ್ಟು ಹೋಗಿದ್ದ. ಪಾಪ, ಈ ಕಿಟಕಿಯ ಹತ್ತಿರ ಮಾತ್ರ ಸುಳಿದಿರಲಿಲ್ಲ. ಮುದುಕಿ ಅವನ ವಂಶಕ್ಕೆಲ್ಲ ಶಾಪ ಹಾಕಿ ಒಳಗೆ ಹೋದಳು. ಅವಳ ಬೆನ್ನು ಮರೆಯಾಗುತ್ತಲೇ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು, ನಿಂತಲ್ಲೇ ಕುಸಿದು ನಕ್ಕಳು. ಮೇಸ್ತ್ರಿ ಕೆಂಗಣ್ಣು ಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಅವನೂ ನಕ್ಕ.

ಅಂದಿನಿಂದ ಅದು ಆ ಮನೆಯಲ್ಲಿ ಕುಳ್ಳನ ಕೈ. ಅಂಥ ದೊಡ್ಡ ಕಲೆಯೇನಲ್ಲ. ಹೊರಗಿನ ಗಾಜಿನ ಒಳಮೈಯಲ್ಲಿ ಒಂದು ಮಸುಕು. ಸಂಜೆಯ ಓರೆ ಬಿಸಿಲಿಗೆ ಮಾತ್ರ ಇಷ್ಟಿಷ್ಟು ಕಾಣುತ್ತಿತ್ತು. ಆದರೆ ಸಂಜೆ ಅಲ್ಲಿ ಕೂತು ಟೀ ಕುಡಿಯುವಾಗ ಮೇಸ್ತ್ರಿ ಅದಕ್ಕೆ ಬೈಯದೆ ಲೋಟ ಕೆಳಗಿಟ್ಟದ್ದಿಲ್ಲ. "ಹಾಳು ಕುಳ್ಳ, ಒಳ್ಳೇ ಕಿಟಕಿ ಕುಲಗೆಡಿಸಿಬಿಟ್ಟ." ಹೆಂಡತಿ ಸಪ್ಪಗೆ ಮುಖ ಮಾಡಿಕೊಂಡು, "ಪಾಪ, ಎಲ್ಲಿದ್ದಾನೋ ಏನೋ ಕುಳ್ಳ" ಎನ್ನುವಳು. "ಎಲ್ಲಾದ್ರೂ ಹಾಳಾಗಿ ಹೋಗ್ಲಿ!" ಎಂದು ಇವನು. ಮಗಳು ಹುಟ್ಟಿ, ಬೆಳೆದು, ಈ ಮಾತುಕತೆಯನ್ನು ಗಡಿಯಾರದ ಸದ್ದಿನಷ್ಟೇ ಸಹಜವಾಗಿ ಕೇಳಿಕೊಂಡು ದೊಡ್ಡವಳಾದಳು. ಮುದುಕಿ ತೀರಿಕೊಂಡ ಮೇಲೆ ನಿಜ ಹೇಳಲು ಅಡ್ಡಿಯೇನೂ ಇರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಆ ಸುಳ್ಳು ಅವರಿಬ್ಬರಿಗೇ ಸೇರಿದ ಆಸ್ತಿಯಾಗಿತ್ತು. ಮಗಳಿಗಾದರೂ ಅದರಲ್ಲಿ ಪಾಲು ಕೊಡಲು ಇಬ್ಬರಿಗೂ ಮನಸ್ಸಿರಲಿಲ್ಲ.

ಒಮ್ಮೊಮ್ಮೆ ಹೆಂಡತಿ ಆ ಕಲೆ ನೋಡುತ್ತಾ ತನ್ನಷ್ಟಕ್ಕೆ ನಗುವಳು. "ಏನೇ?" ಎಂದರೆ, "ನೀವು ಅವತ್ತು ಹೇಳಿದ್ದು ನೆನಪಾಯ್ತು" ಎನ್ನುವಳು. ಮೇಸ್ತ್ರಿ ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸುತ್ತಿದ್ದ.

ಹೋದ ಬೇಸಿಗೆಯಲ್ಲಿ ಅವಳು ಹೋಗಿಬಿಟ್ಟಳು. ಜ್ವರ ಎಂದು ಮಲಗಿದವಳನ್ನು ಆಸ್ಪತ್ರೆಗೆ ಸೇರಿಸಿದರು. ಕೆಲವೇ ವಾರದಲ್ಲಿ ಎಲ್ಲ ಮುಗಿಯಿತು. ಮೇಸ್ತ್ರಿ ಅತ್ತು ಕರೆದು ಮಾಡಲಿಲ್ಲ. ಅವನಿಗೆ ಅಳುವುದು ಗೊತ್ತಿರಲಿಲ್ಲ, ಬೈಯುವುದು ಮಾತ್ರ ಗೊತ್ತಿತ್ತು. ಬೈಯಲು ಮನೆಯಲ್ಲಿ ಅವಳಿಲ್ಲವಾದ್ದರಿಂದ ಬಾಯಿಗೆ ಬೀಗ ಬಿತ್ತು. ಮಗಳು ಔಷಧಿ ಅಂಗಡಿಯ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಅಪ್ಪ ಮಗಳು ಎದುರುಬದುರು ಕೂತು ಉಣ್ಣುತ್ತಿದ್ದರು. ಉಪ್ಪು ಕೊಡು, ನೀರು ಕೊಡು, ಬಾಗಿಲು ಹಾಕಿದೆಯಾ, ಇಷ್ಟೇ ಮಾತು. ಹೋದವಳ ವಿಷಯ ಎತ್ತಿದರೆ ಇನ್ನೊಬ್ಬರು ಕುಸಿದಾರು ಎಂದು ಇಬ್ಬರೂ ಹೆದರಿದ್ದರು. ಸಂಜೆಯ ಟೀ ಹೊತ್ತಿನಲ್ಲಿ ಕುಳ್ಳನಿಗೂ ಬೈಗುಳವಿಲ್ಲದಂತಾಯಿತು.

ಹಾಗೇ ಚಳಿಗಾಲ ಬಂತು. ಒಂದು ಬೆಳಿಗ್ಗೆ ಮೇಸ್ತ್ರಿ ಎದ್ದು ಬಂದು ನೋಡಿದರೆ ಮುಂದಿನ ಕೋಣೆಯ ಕಿಟಕಿ ಒಳಗಿಂದೊಳಗೇ ಮಬ್ಬು ಕಟ್ಟಿತ್ತು. ಬಟ್ಟೆಯಿಂದ ಒರೆಸಿದ, ಹೋಗಲಿಲ್ಲ. ಹೊರಕ್ಕೆ ಬಾಗಿ ಒರೆಸಿದ, ಹೋಗಲಿಲ್ಲ. ಅಂಚಿನ ಅಂಟು ಸೋತಿದೆ, ತೇವ ಒಳಗೆ ಸೇರಿದೆ, ಇದರ ಕತೆ ಮುಗಿಯಿತು ಎಂದು ಅವನೊಳಗಿನ ಕೆಲಸಗಾರ ಆ ಕ್ಷಣವೇ ತೀರ್ಮಾನ ಕೊಟ್ಟ. ಆಮೇಲೆ ಅವನು ಒಂದು ಹೆಜ್ಜೆ ಹಿಂದೆ ಸರಿದು ನೋಡಿದ.

ಮಬ್ಬಿನ ನಡುವೆ ಒಂದು ಕೈ ಇತ್ತು. ಇಷ್ಟು ವರ್ಷದ ಆ ಮಸುಕು ಅಲ್ಲ, ಇಡೀ ಕೈ. ಎಣ್ಣೆ ತಾಗಿದ ಕಡೆ ಹಬೆ ಕೂತಿರಲಿಲ್ಲ. ಐದು ಬೆರಳು, ಅಂಗೈಯ ಗೆರೆ, ಹೆಬ್ಬೆರಳ ಬುಡದ ಉಬ್ಬು ಎಲ್ಲವೂ ಬಿಡಿಸಿಟ್ಟ ಹಾಗೆ ಕಾಣುತ್ತಿದ್ದವು. ಕಿರುಬೆರಳು ಒಳಕ್ಕೆ ಸ್ವಲ್ಪ ಬಾಗಿತ್ತು. ಹುಟ್ಟಿನಿಂದ ಅವಳ ಕಿರುಬೆರಳು ಹಾಗೇ. ಮಗಳಿಗೂ ಅದನ್ನೇ ಕೊಟ್ಟು ಹೋಗಿದ್ದಳು. ಅವಳು ಒಳಗೆ ನಿಂತು, ಹೊರಗಿನ ಗಾಜಿಗೆ ಕೈಯೂರಿ ಬೀದಿ ನೋಡುತ್ತಿದ್ದಾಳೆ ಎನ್ನುವಂತಿತ್ತು.

ಮೇಸ್ತ್ರಿ ತನ್ನ ಬಲಗೈ ಎತ್ತಿ ಕೋಣೆಯ ಕಡೆಯ ಗಾಜಿನ ಮೇಲಿಟ್ಟ. ಅವಳ ಕೈಯ ಬೆನ್ನ ಮೇಲೆ ಅವನ ಕೈ ಬಂತು. ನಡುವೆ ಒಂದು ಗಾಜು, ಒಂದು ಬೆರಳಗಲದ ಗಾಳಿ. ಗಾಜು ಕೊರೆಯುತ್ತಿತ್ತು. ಅವನು ಕೈ ತೆಗೆಯಲಿಲ್ಲ. ಬಿಸಿಲೇರಿ ಹಬೆ ಆರಿ ಕೈ ಮಾಯವಾಗುವವರೆಗೂ ಹಾಗೇ ನಿಂತಿದ್ದ. ಅವನ ಕಣ್ಣಿಂದ ನೀರು ಇಳಿದದ್ದು ಅವಳು ಹೋದ ಮೇಲೆ ಅದೇ ಮೊದಲು.

ಚಳಿ ಬಿದ್ದ ಬೆಳಿಗ್ಗೆಗಳಲ್ಲೆಲ್ಲ ಕೈ ಬರತೊಡಗಿತು. ಮೇಸ್ತ್ರಿ ಬೆಳಗಾಗುವುದನ್ನೇ ಕಾಯತೊಡಗಿದ. ಆದರೆ ಅವನು ಗಾಜಿನ ಕೆಲಸದವನು, ಸಂತೋಷಪಡುವಾಗಲೂ ಅವನ ಕಣ್ಣು ಅಂಚಿನ ಮೇಲೇ. ದಿನದಿಂದ ದಿನಕ್ಕೆ ತೇವ ಹೆಚ್ಚುತ್ತಿತ್ತು. ಮೊದಲು ಹಬೆ, ಈಗ ಹನಿ. ಹನಿಗಳು ಕೂಡಿ ಕೆಳಕ್ಕೆ ಜಾರುತ್ತಿದ್ದವು. ಕೆಳಗಿನ ಮೂಲೆಯಲ್ಲಿ ಬಿಳಿ ಪೊರೆ ಕಟ್ಟಿ, ಹಬ್ಬುತ್ತಾ ಮಣಿಕಟ್ಟಿನ ಹತ್ತಿರ ಬಂದಿತ್ತು. ಒಂದು ದಿನ ತೋರುಬೆರಳ ತುದಿಯ ಮೇಲೆ ಹನಿಯೊಂದು ಹರಿದು ಗೀಟು ಬಿತ್ತು. ಅವಳನ್ನು ತೋರಿಸಿದ ನೀರೇ ಅವಳನ್ನು ತೊಳೆದುಕೊಂಡು ಹೋಗುತ್ತಿತ್ತು. ಮುಂದಿನ ಚಳಿಗಾಲದ ಹೊತ್ತಿಗೆ ಇಲ್ಲಿ ಕೈಯೂ ಇರುವುದಿಲ್ಲ, ಬೆರಳೂ ಇರುವುದಿಲ್ಲ ಎಂದು ಅವನಿಗೆ ಗೊತ್ತಾಯಿತು.

ಇತ್ತ ಮಗಳು ಬೇರೆ ಗಂಟು ಬಿದ್ದಳು. ಅವಳು ಮಲಗುವುದು ಅದೇ ಕೋಣೆಯಲ್ಲಿ. ಕಿಟಕಿಯ ಕೆಳಗೆ ಗೋಡೆ ತಂಪು ಹಿಡಿದು ಬೂಷ್ಟು ಬಂದಿತ್ತು. ಅವಳಿಗೆ ಕೆಮ್ಮು ಹತ್ತಿಕೊಂಡಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಶುರು ಮಾಡಿದಳು.

"ಅಪ್ಪ, ಜೀವನವಿಡೀ ಊರಿಗೆಲ್ಲ ಡಬಲ್ ಗ್ಲಾಸ್ ಹಾಕಿದವನ ಮನೇಲಿ ನಾನು ಸ್ವೆಟರ್ ಹಾಕ್ಕೊಂಡು ಮಲಗಬೇಕಾ? ಹೊಸದು ಹಾಕಿಸೋಣ."

"ಡಬಲ್ ಗ್ಲಾಸ್ ಅಂಥ ಒಳ್ಳೇದೇನಲ್ಲ ಕಣೇ" ಎಂದ ಮೇಸ್ತ್ರಿ.

ಮಗಳು ಕಿವಿ ಕೆರೆದುಕೊಂಡಳು. "ಏನಂದೆ?"

"ಭಾರ ಜಾಸ್ತಿ, ಕೀಲು ಸವೆಯುತ್ತೆ. ಗಾಳಿ ಆಡೋಲ್ಲ. ಬೀದೀಲಿ ಏನಾಗ್ತಿದೆ ಅಂತ ಗೊತ್ತಾಗೋಲ್ಲ, ಪೇಪರಿನವನು ಕೂಗಿ ಕೂಗಿ ಹೋಗಿಬಿಡ್ತಾನೆ. ಒಂದು ಒಡೆದ್ರೆ ಎರಡೂ ಹೋಯ್ತು."

"ಗಿರಾಕಿಗಳ ಮುಂದೆ ಕೋಟು, ಬನಿಯನ್ ಅಂತ ಹಾಡ್ತಿದ್ದವನು ನೀನೇನಾ? ಅಮ್ಮ ಇದ್ದಿದ್ರೆ ಬಿದ್ದು ಬಿದ್ದು..." ಎಂದು ಶುರು ಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು. ಇಬ್ಬರೂ ತಟ್ಟೆ ನೋಡಿದರು. ಆಮೇಲೆ ಅವಳೇ ಮೆತ್ತಗೆ ಹೇಳಿದಳು: "ಆ ಕುಳ್ಳನ ಕೈ ಬೇರೆ. ದಿನಾ ಬೆಳಿಗ್ಗೆ ಎದ್ದು ಎದುರಿಗೆ ನಿಲ್ಲುತ್ತೆ. ನೀನು ಅದರ ಮುಂದೆ ಹೋಗಿ ನಿಂತು ಮುಖ ಸಣ್ಣ ಮಾಡ್ಕೊಳ್ಳೋದು ನಾನು ನೋಡಿಲ್ವಾ? ಜೀವಮಾನವೆಲ್ಲ ಅದಕ್ಕೆ ಬೈದೆ. ಇನ್ನಾದ್ರೂ ಅದು ತೊಲಗಲಿ ಅಪ್ಪ."

ಆಗಲೇ ಹೇಳಿಬಿಡಬೇಕಿತ್ತು. ಅದು ಕುಳ್ಳನದಲ್ಲ ಮಗಳೇ ಎಂದರೆ ಮುಗಿದಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಹೇಳಿದರೆ ಇವಳೂ ದಿನಾ ಬೆಳಿಗ್ಗೆ ಬಂದು ಪಕ್ಕದಲ್ಲಿ ನಿಂತು ಅಳುತ್ತಾಳೆ ಎಂದುಕೊಂಡ. ಈ ವಯಸ್ಸಿನ ಹುಡುಗಿಗೆ ಅದು ಯಾಕೆ? ಹಾಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡನೇ ಹೊರತು ನಿಜ ಅದಲ್ಲ. ಆ ಸಂಜೆಯ ಬಗ್ಗೆ ಬಾಯಿಬಿಟ್ಟರೆ ಮಗಳ ಮುಂದೆ ಅತ್ತುಬಿಡುತ್ತೇನೆ ಎಂದು ಹೆದರಿದ್ದ, ಅಷ್ಟೇ. "ಆಯ್ತು, ನಾನೇ ಮಾಡ್ತೀನಿ" ಎಂದು ಎದ್ದುಹೋದ.

ಅವನು ಮಾಡಬೇಕೆಂದಿದ್ದು ಹೊಸ ಕಿಟಕಿಯಲ್ಲ. ಯಾವ ಗಿರಾಕಿಗೂ ಆಗದು ಎಂದು ಹೇಳುತ್ತಾ ಬಂದ ಕೆಲಸವನ್ನು ತನಗಾಗಿ ಮಾಡಿಕೊಳ್ಳಲು ಹೊರಟಿದ್ದ. ಅಂಟು ಕೊಯ್ದು ಜೋಡಿ ಬಿಡಿಸುವುದು, ಕೈಯಿರುವ ಗಾಜನ್ನು ಹಾಗೇ ಒಣಗಿಸಿ, ಹೊಸ ಪಟ್ಟಿ, ತೇವ ಹೀರುವ ಹೊಸ ಕಾಳು, ಒಳಗಡೆಗೆ ಹೊಸ ಗಾಜು ಹಾಕಿ, ಮತ್ತೆ ಬಿಗಿಯಾಗಿ ಮುಚ್ಚಿಬಿಡುವುದು. ಹಾಗೆ ಮಾಡಿದರೆ ಚಳಿಯೂ ತಡೆಯುತ್ತದೆ, ಮಗಳ ಕೆಮ್ಮೂ ನಿಲ್ಲುತ್ತದೆ. ಹಬೆ ಇಲ್ಲದೆ ಕೈ ಹಿಂದಿನ ಹಾಗೆ ಬರೀ ಮಸುಕಾಗುತ್ತದೆ, ನಿಜ. ಆದರೆ ಇರುತ್ತದೆ. ತಾನಿರುವಷ್ಟು ದಿನ ಇದ್ದರೆ ಸಾಕು.

ಶನಿವಾರ ಮಧ್ಯಾಹ್ನ ಕಿಟಕಿಯಿಂದ ಗಾಜು ಬಿಚ್ಚಿ, ಖಾಲಿ ಜಾಗಕ್ಕೆ ಹಲಗೆ ಬಡಿದು, ಕಂಬಳಿ ಸುತ್ತಿ ಕಾರ್ಖಾನೆಗೆ ಒಯ್ದ. ಎಲ್ಲರೂ ಮನೆಗೆ ಹೋಗಿದ್ದರು. ಗಾಜು ಕತ್ತರಿಸುವವನೊಬ್ಬ ಉಳಿದ ಚೂರುಗಳನ್ನು ಒಟ್ಟು ಮಾಡುತ್ತಿದ್ದ. ಮೇಸ್ತ್ರಿ ತೆಳ್ಳನೆಯ ಚಾಕು ಹಿಡಿದು ಅಂಟು ಕೊಯ್ಯತೊಡಗಿದ. ನಾಲ್ಕೂ ಕಡೆ ಕೊಯ್ದ ಮೇಲೆ ಜೋಡಿ ಬಿಟ್ಟುಕೊಂಡಿತು. ಮದುವೆಯ ಹೊಸದರಲ್ಲಿ ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಸದ್ದಿಲ್ಲದೆ ಹೊರಟುಹೋಯಿತು.

ಹೊರಗಾಜನ್ನು ಎತ್ತಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಕೈ ಇತ್ತು. ಈಗ ನಡುವೆ ಏನೂ ಇರಲಿಲ್ಲ. ಬರೀ ಕೈ, ಬರಿಗಾಜಿನ ಮೇಲೆ, ಮುಟ್ಟುವಷ್ಟು ಹತ್ತಿರ. ಅವನು ಅಂಗೈಯನ್ನು ಅದರ ಹತ್ತಿರಕ್ಕೆ ಒಯ್ದ. ಇನ್ನೇನು ತಾಗಬೇಕು, ಹಿಂದಕ್ಕೆ ಎಳೆದುಕೊಂಡ. ಮುಟ್ಟಿದರೆ ಅವಳ ಎಣ್ಣೆಯ ಮೇಲೆ ತನ್ನ ಬೆವರು ಬೀಳುತ್ತದೆ. ಅವಳ ಗೆರೆಗಳು ಕಲಸಿಹೋಗುತ್ತವೆ. ಮುಟ್ಟುವ ಆಸೆಯಿಂದ ಉಳಿಸುವ ಆಸೆ ದೊಡ್ಡದಾಯಿತು. ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ನೋಡುತ್ತಾ ನಿಂತ.

"ಇದನ್ನ ಯಾರೂ ಮುಟ್ಟಬೇಡಿ" ಎಂದು ಕತ್ತರಿಸುವವನಿಗೆ ಹೇಳಿ, ಹಿಂದಿನ ಕೋಣೆಗೆ ಪಟ್ಟಿ ಕೊಯ್ದುಕೊಳ್ಳಲು ಹೋದ. ಅಳತೆಗೆ ಕೊಯ್ದು, ಮೂಲೆ ಸೇರಿಸಿ, ಕಾಳು ತುಂಬುವುದಕ್ಕೆ ಹೊತ್ತು ಹಿಡಿಯಿತು. ಅವಸರ ಮಾಡಲಿಲ್ಲ. ಈ ಸಲ ಅಂಟು ಸೋಲಬಾರದು.

ಪಟ್ಟಿ ಹಿಡಿದು ಹೊರಗೆ ಬಂದರೆ ಸ್ಟ್ಯಾಂಡು ಖಾಲಿ. ಹಳೆಯ ತೊಳೆಯುವ ಮೇಜಿನ ಹತ್ತಿರ, ಹೆಂಡತಿ ನಿಲ್ಲುತ್ತಿದ್ದ ಜಾಗದಲ್ಲಿ, ಮಗಳು ನಿಂತಿದ್ದಳು. ತೋಳು ಮೇಲಕ್ಕೆ ಮಡಚಿದ್ದಳು, ಕೈಗವಸು ಹಾಕಿದ್ದಳು. ಪಕ್ಕದಲ್ಲಿ ಅವಳು ತಂದ ಊಟದ ಡಬ್ಬಿ, ಫ್ಲಾಸ್ಕು. ಕತ್ತರಿಸುವವನು ಅವಳು ಕೊಟ್ಟ ಟೀ ಹೀರುತ್ತಾ ಕೂತಿದ್ದ. ಯಾರೂ ಮುಟ್ಟಬೇಡಿ ಎಂದಿದ್ದು ಅವನಿಗೆ ನೆನಪಿತ್ತು. ಆದರೆ ಮೇಸ್ತ್ರಿಯ ಮಗಳನ್ನು 'ಯಾರೂ' ಎನ್ನುವುದರಲ್ಲಿ ಸೇರಿಸುವುದು ಅವನಿಗೆ ಹೊಳೆದಿರಲಿಲ್ಲ.

ಮಗಳು ಗಾಜಿನ ಮೇಲೆ 'ಹಾ' ಎಂದು ಉಸಿರು ಬಿಟ್ಟು, ಕತ್ತು ಓರೆ ಮಾಡಿ ನೋಡಿದಳು. ಹಬೆ ಒಂದೇ ಸಮನೆ ಕೂತಿತು. ಎಲ್ಲೂ ಬಿಟ್ಟಿರಲಿಲ್ಲ.

"ನೋಡಪ್ಪ, ಹೇಗಿದೆ! ಅಮ್ಮ ಹೇಳಿಕೊಟ್ಟ ಹಾಗೇ, ಮೇಲಿಂದ ಕೆಳಗೆ. ನೀನು ಬರೋದ್ರೊಳಗೆ ಮುಗಿಸಿಬಿಡಬೇಕು ಅಂತ ಓಡಿ ಓಡಿ ಮಾಡ್ದೆ. ಇಷ್ಟು ವರ್ಷ ನಿನ್ನ ಹೊಟ್ಟೆ ಉರಿಸಿದ ಕುಳ್ಳ ಇವತ್ತು ಬಕೆಟ್ ಪಾಲು!"

ಅವಳ ಮುಖ ಅರಳಿತ್ತು. ತಾಯಿ ಹೋದ ಮೇಲೆ ಆ ಮುಖದಲ್ಲಿ ಅವನು ನಗು ಕಂಡದ್ದು ಅದೇ ಮೊದಲು. ಮೇಸ್ತ್ರಿ ಬಕೆಟ್ ಕಡೆ ನೋಡಿದ. ಸೋಪಿನ ನೀರು, ಬೂದು ಬಣ್ಣದ್ದು, ಇನ್ನೂ ಸ್ವಲ್ಪ ಅಲ್ಲಾಡುತ್ತಿತ್ತು. ಪಟ್ಟಿ ಕೆಳಗಿಟ್ಟು ಮೇಜಿನ ಅಂಚು ಹಿಡಿದುಕೊಂಡ. ಇಡೀ ಕಾರ್ಖಾನೆ ಕೇಳುವಂತೆ ಕಿರುಚಬೇಕು ಎನಿಸಿತು. ಮಗಳು ಇನ್ನೂ ಅವನ ಮುಖವನ್ನೇ ನೋಡುತ್ತಿದ್ದಳು, ಶಹಭಾಸ್ ಎನ್ನಲಿ ಎಂದು ಕಾಯುತ್ತಿದ್ದಳು.

"ಸದ್ಯ" ಎಂದ ಮೇಸ್ತ್ರಿ. "ಪೀಡೆ ತೊಲಗ್ತು."

ಆ ಕೈಗಾಗಿ ಅವನು ಹೇಳಿದ ಎರಡನೆಯ ಸುಳ್ಳು ಅದು. ಮೊದಲನೆಯದು ಹೆಂಡತಿಯನ್ನು ಕಾಯಲು, ಇದು ಮಗಳನ್ನು. ಮೊದಲನೆಯದು ನಗಿಸಿತ್ತು. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅವನ ಬಾಯಿ ಒಣಗಿಹೋಯಿತು.

ಆಮೇಲೆ ಕಿಟಕಿ ಮಾಡಿದ. ಮನಸ್ಸು ಎಲ್ಲಿದ್ದರೂ ಕೈಗೆ ಕೆಲಸ ಗೊತ್ತಿತ್ತು. ಪಟ್ಟಿ ಅಂಟಿಸಿದ, ಹೊಸ ಗಾಜು ಕೂರಿಸಿದ, ಸುತ್ತ ಅಂಟು ತುಂಬಿದ. ಅಷ್ಟು ಚೊಕ್ಕ ಕಿಟಕಿಯನ್ನು ಅವನು ಜೀವಮಾನದಲ್ಲೇ ಮಾಡಿರಲಿಲ್ಲ.

ಭಾನುವಾರ ಸಂಜೆಯ ಹೊತ್ತಿಗೆ ಅದು ಮನೆಯ ಚೌಕಟ್ಟಿನಲ್ಲಿತ್ತು. ಕೋಣೆ ಬೆಚ್ಚಗಾಗಿತ್ತು. ಕೆಳಗೆ ಬಸ್ಸು ತಿರುಗಿದರೆ ಬಸ್ಸು ಕಾಣುತ್ತಿತ್ತು, ಸದ್ದು ಇರಲಿಲ್ಲ. ಓರೆ ಬಿಸಿಲು ಗಾಜು ದಾಟಿ ನೆಲಕ್ಕೆ ಬಿದ್ದಿತ್ತು, ನಡುವೆ ಎಲ್ಲೂ ತಡೆಯದೆ. ಮೇಸ್ತ್ರಿ ತನ್ನ ಜಾಗದಲ್ಲಿ ಕೂತಿದ್ದ. ಮಗಳು ಎರಡು ಲೋಟ ಟೀ ತಂದು ಎದುರಿಗೆ ಕೂತಳು. ಅಪ್ಪನ ಮುಖ ಯಾಕೋ ಸರಿಯಿಲ್ಲ, ನಗಿಸೋಣ ಎನಿಸಿರಬೇಕು. ಸಪ್ಪಗೆ ಮುಖ ಮಾಡಿಕೊಂಡು, ಅಮ್ಮನ ರಾಗದಲ್ಲೇ, "ಪಾಪ, ಎಲ್ಲಿದ್ದಾನೋ ಏನೋ ಕುಳ್ಳ" ಎಂದಳು.

ಅದಕ್ಕೆ ಅವನು ಹೇಳಬೇಕಾದ ಮಾತು ಒಂದೇ ಇತ್ತು. ಅದು ಬರಲಿಲ್ಲ. "ಎಲ್ಲಿದ್ರೂ ಚೆನ್ನಾಗಿರ್ಲಿ" ಎಂದ.

"ಅಯ್ಯೋ, ಕುಳ್ಳನಿಗೆ ಆಶೀರ್ವಾದ!" ಎಂದು ಮಗಳು ನಕ್ಕ ಭರಕ್ಕೆ ಟೀ ತುಳುಕಿತು. "ಅಪ್ಪ, ಒಂದು ವಿಷಯ ಗೊತ್ತಾ? ನಿನ್ನೆ ತೊಳೆಯೋಕೆ ಮುಂಚೆ, ತಮಾಷೆಗೆ, ಆ ಕೈ ಮೇಲೆ ನನ್ನ ಕೈ ಇಟ್ಟು ನೋಡ್ದೆ. ಅಳತೆ ತಗೊಂಡು ಮಾಡಿದ ಹಾಗಿತ್ತಪ್ಪ. ಬೆರಳಿಗೆ ಬೆರಳು. ಆ ಕಿರುಬೆರಳು ಕೂಡ..."

ತೋರಿಸಲೆಂದು ಅವಳು ಕೈ ಎತ್ತಿ ಬಿಸಿಲಿಗೆ ಹಿಡಿದಳು. ಬಾಗಿದ ಕಿರುಬೆರಳು ಅವಳ ಕಣ್ಣೆದುರಿಗೇ ಇತ್ತು. ಮುಖದ ಮೇಲೆ ನಗು ಹಾಗೇ ಉಳಿದು, ಮಾತು ನಿಂತಿತು. ಅವಳು ಬೆರಳು ನೋಡಿದಳು, ಕಿಟಕಿ ನೋಡಿದಳು, ಅಪ್ಪನನ್ನು ನೋಡಿದಳು. ಅವನು ಮುಖ ತಿರುಗಿಸಿಕೊಂಡಿದ್ದ.

"ಅಪ್ಪ. ಯಾರದ್ದು ಅದು?"

ಮೂರನೆಯ ಸುಳ್ಳು ಅವನಿಗೆ ಸಿಗಲಿಲ್ಲ. "ಕುಳ್ಳನದಲ್ಲ ಕಣಮ್ಮ" ಎಂದ. "ನಿಮ್ಮಮ್ಮಂದು."

ಮಗಳು ಲೋಟ ಕೆಳಗಿಟ್ಟಳು. ಇಟ್ಟ ಕೈಯನ್ನೇ ಮುಖಕ್ಕೆ ಒತ್ತಿಕೊಂಡಳು. "ನಾನೇ ತೊಳೆದುಬಿಟ್ನಲ್ಲಪ್ಪ. ನನ್ನ ಕೈಯಾರೆ. ಹೇಳಬಾರದಿತ್ತಾ? ಒಂದು ಮಾತು ಹೇಳಬಾರದಿತ್ತಾ?"

"ಹೇಳಬೇಕಿತ್ತು. ತಪ್ಪು ನಂದು." ಅವನು ಎದ್ದು ಬಂದು ಅವಳ ಪಕ್ಕ ಕೂತ. ಮುಖದಿಂದ ಅವಳ ಕೈ ಬಿಡಿಸಿ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಆ ಬಾಗಿದ ಬೆರಳನ್ನು ಸವರಿದ. "ತೊಳೆಯೋಕೆ ಮುಂಚೆ ನೀನು ಮುಟ್ಟಿದ್ಯಲ್ಲ. ಬರಿಗೈಯಲ್ಲಿ ಮುಟ್ಟಿದ್ಯಲ್ಲ. ನನಗೆ ಅಷ್ಟು ಧೈರ್ಯನೂ ಬರಲಿಲ್ಲ ಕಣೇ."

ಇಬ್ಬರೂ ಅತ್ತರು. ಬೇಸಿಗೆಯಿಂದ ಬಾಕಿ ಉಳಿದಿದ್ದನ್ನೆಲ್ಲ ಅತ್ತರು. ಜೋಡಿ ಗಾಜಿನ ಕಿಟಕಿಯಾದ್ದರಿಂದ ಬೀದಿಗೆ ಕೇಳಲಿಲ್ಲ. ಆಮೇಲೆ ಮೇಸ್ತ್ರಿ ಮೊದಲಿಂದ ಹೇಳಿದ. ಉಳಿದ ಗಾಜು, ಸಂಜೆಯ ಕಾರ್ಖಾನೆ, ಅವಳು ಎಣ್ಣೆ ತಿಕ್ಕಿಕೊಳ್ಳುತ್ತಾ ನಿಂತದ್ದು, ತಾನೊಂದು ಮಾತು ಹೇಳಿದ್ದು, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು ಗಾಜಿಗೆ ಕೈ ಕೊಟ್ಟದ್ದು, ಅಜ್ಜಿಯ ಕನ್ನಡಕ, ಪಾಪದ ಕುಳ್ಳ, ಎಲ್ಲ. ಮಗಳು ಒದ್ದೆ ಮುಖದಲ್ಲೇ ಒಂದೆರಡು ಸಲ ನಕ್ಕಳು.

"ಅಮ್ಮ ಅಷ್ಟೊಂದು ನಗೋ ಹಾಗೆ ಏನು ಹೇಳಿದೆ ಅಪ್ಪ ನೀನು?"

ಮೇಸ್ತ್ರಿ ಬಾಯಿ ತೆರೆದ. ಮಂಕು ಬಲ್ಬು ನೆನಪಿತ್ತು. ಅಂಟಿನ ವಾಸನೆ, ಬೆನ್ನ ಹಿಂದಿನಿಂದ ಬಂದ ಅವಳ ನಗು, ಎಲ್ಲ ನಿನ್ನೆ ಮೊನ್ನೆಯದರಂತೆ ನೆನಪಿತ್ತು. ಅವನು ಚೊಕ್ಕ ಗಾಜಿನ ಕಡೆ ನೋಡುತ್ತಾ ಆ ಮಾತಿಗಾಗಿ ಹುಡುಕಿದ.

"ಅದೇ ನೆನಪಿಲ್ಲ ಕಣಮ್ಮ" ಎಂದ. "ಅವಳಿಗೆ ನೆನಪಿತ್ತು."